ಮುತೋಶಿಯ ಪ್ರಯೋಗ: ಕೈಯಿಂದ ಅಗೆದ ಕೋಬಾಲ್ಟ್ ಮತ್ತು ಕೊಳ್ಳುವವರ ಹೊಣೆ

ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಕೋಲ್ವೆಜಿ ನಗರದ ಅಂಚಿನಲ್ಲಿ ಮುತೋಶಿ ಎಂಬ ಹಳೆಯ ಗಣಿ ಇದೆ. 2018ರ ಜನವರಿಯಿಂದ 2020ರ ಮಾರ್ಚ್‌ವರೆಗೆ ಅಲ್ಲಿ ಒಂದು ಪ್ರಯೋಗ ನಡೆಯಿತು. ಹಾರೆ, ಗುದ್ದಲಿಗಳಿಂದ ಕೋಬಾಲ್ಟ್ ಅದಿರು ಅಗೆಯುವ ಸುಮಾರು 5,000 ಮಂದಿಯ ಹೆಸರು ನೋಂದಾಯಿಸಿ, ಬೇಲಿ ಹಾಕಿದ ಜಾಗದಲ್ಲಿ, ತೆರೆದ ಗುಂಡಿಗಳಲ್ಲಿ, ಮಕ್ಕಳಿಗೆ ಪ್ರವೇಶವಿಲ್ಲದಂತೆ ಕೆಲಸ ನಡೆಸಿ, ಅವರು ತೆಗೆದ ಅದಿರನ್ನು ಎಲ್ಲರಿಗೂ ಗೊತ್ತಾಗುವ ಹಾದಿಯಲ್ಲೇ ಜಾಗತಿಕ ಮಾರುಕಟ್ಟೆಗೆ ತಲುಪಿಸುವುದು ಅದರ ಉದ್ದೇಶವಾಗಿತ್ತು. ಬ್ಯಾಟರಿ ಖನಿಜಗಳನ್ನು ಕುರಿತ ಚರ್ಚೆಯಲ್ಲಿ ಕೆಲವರು ಇದನ್ನು ಮಾದರಿ ಎಂದು ಹೊಗಳಿದರೆ ಕೆಲವರು ಕಂಪನಿಗಳ ಪ್ರಚಾರ ಎಂದು ತಳ್ಳಿಹಾಕಿದ್ದಾರೆ. ನಾನು ತಿಳಿದಂತೆ ಸುರಕ್ಷತೆಯ ವಿಷಯದಲ್ಲಿ ಆ ಪ್ರಯೋಗ ಗೆದ್ದಿತು, ದರದ ವಿಷಯದಲ್ಲಿ ಎಡವಿತು, ಮತ್ತು ಅದನ್ನು ಮುಂದುವರಿಸಲೇಬೇಕೆಂಬ ಕಟ್ಟುಪಾಡು ಯಾರ ಮೇಲೂ ಇಲ್ಲದ್ದರಿಂದ ನಿಂತುಹೋಯಿತು. ಈ ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಿದರೆ ಮಾತ್ರ ಅಲ್ಲಿ ಏನು ನಡೆಯಿತೆಂಬುದು ಸ್ಪಷ್ಟವಾಗುತ್ತದೆ.

ಕೋಲ್ವೆಜಿಯ ಹಿನ್ನೆಲೆ

ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟ್‌ನಲ್ಲಿ ಶೇಕಡ 70ಕ್ಕಿಂತ ಹೆಚ್ಚು ಪಾಲು ಕಾಂಗೋದ್ದು. ಅದರ ಬಹುಭಾಗ ಲುವಾಲಾಬಾ ಮತ್ತು ಒಟ್-ಕಟಾಂಗ ಎಂಬ ಎರಡು ದಕ್ಷಿಣ ಪ್ರಾಂತ್ಯಗಳಿಂದ ಬರುತ್ತದೆ. ಅಲ್ಲಿ ಅರೆಸಂಸ್ಕರಿಸಿದ ಕೋಬಾಲ್ಟ್ ಹೈಡ್ರಾಕ್ಸೈಡ್ ಹಡಗೇರಿ ಹೆಚ್ಚಿನಂಶ ಚೀನಾದ ಶುದ್ಧೀಕರಣ ಘಟಕಗಳಿಗೆ ಹೋಗುತ್ತದೆ. ಅಲ್ಲಿಂದ ಬ್ಯಾಟರಿಯ ಕ್ಯಾಥೋಡ್‌ಗೆ, ಕೋಶಕ್ಕೆ, ಕೊನೆಗೆ ಫೋನು, ಲ್ಯಾಪ್‌ಟಾಪು, ಕಾರುಗಳಿಗೆ ಸೇರುತ್ತದೆ. ಬೆಂಗಳೂರಿನ ರಸ್ತೆಯಲ್ಲಿ ಓಡುವ ವಿದ್ಯುತ್ ಸ್ಕೂಟರುಗಳಲ್ಲಿ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಬಳಸಿದ ಕೋಶಗಳಿರುವಂಥವು ಸಾಕಷ್ಟಿವೆ. ಆದ್ದರಿಂದ ಕೋಲ್ವೆಜಿಯ ಸುದ್ದಿ ನಮಗೆ ಸಂಬಂಧವಿಲ್ಲದ ದೂರದ ಸುದ್ದಿಯಲ್ಲ.

ಅಲ್ಲಿನ ಕೋಬಾಲ್ಟ್‌ನ ದೊಡ್ಡ ಪಾಲನ್ನು ಯಂತ್ರಗಳ ಗಣಿಗಳು ತಾಮ್ರದ ಜೊತೆಗೆ ತೆಗೆಯುತ್ತವೆ. ಉಳಿದ ಪಾಲು ಸ್ಥಳೀಯವಾಗಿ ಕ್ರೊಜೊರ್ ಎನಿಸಿಕೊಳ್ಳುವ ಕೈಗಣಿಗಾರರದು. ಬೆಲೆ ಏರಿದ ವರ್ಷಗಳಲ್ಲಿ ಈ ಪಾಲು ಹಿಗ್ಗುತ್ತದೆ, ಇಳಿದಾಗ ಕುಗ್ಗುತ್ತದೆ. ಸಾಮಾನ್ಯವಾಗಿ ಶೇಕಡ 10ರಿಂದ 30ರ ನಡುವೆ ಎಂಬ ಅಂದಾಜುಗಳಿವೆ. ಇವರು ಎಲ್ಲಿಂದಲೋ ಬಂದು ಅದಿರಿಗೆ ಮುಗಿಬಿದ್ದವರಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಈ ಸೀಮೆಯ ಬದುಕನ್ನು ದಶಕಗಳ ಕಾಲ ಹೊತ್ತಿದ್ದ ಜೆಕಾಮಿನ್ ಎಂಬ ಸರ್ಕಾರಿ ಗಣಿ ಕಂಪನಿ 1990ರ ದಶಕದಲ್ಲಿ ಕುಸಿಯಿತು. ಶಾಲೆ, ಆಸ್ಪತ್ರೆ, ಪಡಿತರವನ್ನು ಕೂಡ ಆ ಕಂಪನಿಯೇ ನೋಡಿಕೊಳ್ಳುತ್ತಿದ್ದ ಪಟ್ಟಣಗಳಲ್ಲಿ ಸಂಬಳವೇ ನಿಂತಿತು. 2003ರಲ್ಲಿ ವಿಶ್ವಬ್ಯಾಂಕಿನ ನೆರವಿನ ಸ್ವಯಂನಿವೃತ್ತಿ ಯೋಜನೆಯಲ್ಲಿ 10,000ಕ್ಕೂ ಹೆಚ್ಚು ಕಾರ್ಮಿಕರು ಕಂಪನಿಯಿಂದ ಹೊರಬಂದರು. ಅದಿರು ಎಲ್ಲಿದೆ ಎಂದು ಬಲ್ಲ, ಬೇರೆ ಕಸುಬಿಲ್ಲದ ಕುಟುಂಬಗಳು ಗುದ್ದಲಿ ಹಿಡಿದದ್ದು ಈ ಹಿನ್ನೆಲೆಯಲ್ಲಿ.

ಕಾನೂನು ಅವರಿಗೆ ಜಾಗ ಕೊಟ್ಟಂತೆ ಕಾಣುತ್ತದೆ. 2002ರ ಗಣಿ ಸಂಹಿತೆ ಕೈಗಣಿಗಾರಿಕೆಗೆ ಪ್ರತ್ಯೇಕ ವಲಯಗಳನ್ನು ಗುರುತಿಸಬೇಕೆಂದಿತು. 2018ರ ತಿದ್ದುಪಡಿ, ಗಣಿಗಾರರು ಸಹಕಾರ ಸಂಘದ ಸದಸ್ಯರಾಗಿರಬೇಕೆಂದು ಸೇರಿಸಿತು. ಆದರೆ ಒಳ್ಳೆಯ ಅದಿರಿರುವ ನೆಲವೆಲ್ಲ ಅಷ್ಟರಲ್ಲಿ ಕಂಪನಿಗಳ ಗುತ್ತಿಗೆಗೆ ಹೋಗಿತ್ತು. ಗುರುತಿಸಿದ ವಲಯಗಳಲ್ಲಿ ಹಲವು ಕಡೆ ಅದಿರು ಕೈಗೆಟುಕದ ಆಳದಲ್ಲಿತ್ತು, ಇಲ್ಲವೇ ಊರಿನಿಂದ ಬಹಳ ದೂರವಿತ್ತು. ಹೀಗಾಗಿ ಕೈಗಣಿಗಾರರು ಕಂಪನಿಗಳ ಗುತ್ತಿಗೆ ನೆಲಕ್ಕೆ ನುಗ್ಗಿ ಅಗೆಯುತ್ತಾರೆ, ಕಾನೂನಿನ ಕಣ್ಣಿಗೆ ಅತಿಕ್ರಮಣಕಾರರಾಗುತ್ತಾರೆ. 2019ರ ಜೂನ್‌ನಲ್ಲಿ ಗ್ಲೆನ್‌ಕೋರ್ ಒಡೆತನದ ಕಂಪನಿಯೊಂದರ ಗುತ್ತಿಗೆಯಲ್ಲಿ ಗುಂಡಿ ಕುಸಿದು ಕನಿಷ್ಠ 43 ಮಂದಿ ಸತ್ತರು. ಸತ್ತವರು ಅತಿಕ್ರಮಣಕಾರರಾದ್ದರಿಂದ ಅವರ ಸಾವಿಗೆ ಯಾರ ಹೊಣೆಯೆಂಬ ಪ್ರಶ್ನೆ ಗೋಜಲಾಯಿತು.

2016ರ ಜನವರಿಯಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಮತ್ತು ಆಫ್ರಿವಾಚ್ ಎಂಬ ಕಾಂಗೋ ಸಂಸ್ಥೆ ಸೇರಿ ಪ್ರಕಟಿಸಿದ ವರದಿ ಈ ಲೋಕವನ್ನು ಹೊರಜಗತ್ತಿಗೆ ತೋರಿಸಿತು. ಗುಂಡಿಗಳಿಂದ ಹೊರಟ ಅದಿರು ದಲ್ಲಾಳಿ ಮಂಡಿಗಳ ಮೂಲಕ ಚೀನಾದ ಹುವಾಯೂ ಕಂಪನಿಯ ಅಂಗಸಂಸ್ಥೆಗೆ, ಅಲ್ಲಿಂದ ಹೆಸರಾಂತ ಎಲೆಕ್ಟ್ರಾನಿಕ್ಸ್ ಮತ್ತು ಕಾರು ಕಂಪನಿಗಳ ಬ್ಯಾಟರಿಗಳವರೆಗೆ ಹೇಗೆ ಸಾಗುತ್ತದೆಂಬುದನ್ನು ಆ ವರದಿ ಹಂತ ಹಂತವಾಗಿ ವಿವರಿಸಿತ್ತು. ದಕ್ಷಿಣ ಕಟಾಂಗದ ಗಣಿಗಳಲ್ಲಿ ಸುಮಾರು 40,000 ಮಕ್ಕಳು ದುಡಿಯುತ್ತಿದ್ದಾರೆಂಬ ಯುನಿಸೆಫ್‌ನ 2014ರ ಅಂದಾಜು ವ್ಯಾಪಕವಾಗಿ ಪ್ರಚಾರಕ್ಕೆ ಬಂದದ್ದೂ ಆಗಲೇ. ಕೊಳ್ಳುವ ಕಂಪನಿಗಳ ಮೊದಲ ಪ್ರತಿಕ್ರಿಯೆ, ಕೈಯಿಂದ ಅಗೆದ ಕೋಬಾಲ್ಟ್ ನಮಗೆ ಬೇಡವೇ ಬೇಡ ಎಂಬುದಾಗಿತ್ತು. ಮುತೋಶಿ ಅದಕ್ಕೆ ಪರ್ಯಾಯವಾಗಿ ಹುಟ್ಟಿತು.

ಪ್ರಯೋಗದ ರಚನೆ

ಮುತೋಶಿ ಹಿಂದೆ ಜೆಕಾಮಿನ್‌ನ ಗಣಿಯಾಗಿತ್ತು. ಪ್ರಯೋಗದ ಹೊತ್ತಿಗೆ ಅದರ ಗುತ್ತಿಗೆ ಕೆಮಾಫ್ ಎಂಬ ಕಂಪನಿಯ ಕೈಯಲ್ಲಿತ್ತು. ಕೆಮಾಫ್ ದುಬೈನಲ್ಲಿ ಕೇಂದ್ರ ಕಚೇರಿಯಿರುವ, ಭಾರತೀಯ ಮೂಲದ ಕುಟುಂಬವೊಂದರ ಶಾಲಿನಾ ರಿಸೋರ್ಸಸ್ ಸಮೂಹಕ್ಕೆ ಆಗ ಸೇರಿತ್ತು. ಗುತ್ತಿಗೆಯ ನೆಲದಲ್ಲಿ ಆಗಲೇ ಸಾವಿರಾರು ಮಂದಿ ಸುರಂಗ ಕೊರೆದು ಅಗೆಯುತ್ತಿದ್ದರು. ಅವರನ್ನು ಬಲವಂತದಿಂದ ಹೊರಹಾಕಿದರೆ ಮತ್ತೆ ಬರುತ್ತಾರೆ ಎಂಬುದು ಕಂಪನಿಗೆ ತಿಳಿದಿತ್ತು. ಕೆಮಾಫ್‌ನ ಕೋಬಾಲ್ಟ್ ಹೈಡ್ರಾಕ್ಸೈಡನ್ನು ಕೊಂಡು ಜಾಗತಿಕವಾಗಿ ಮಾರುತ್ತಿದ್ದ ಟ್ರಾಫಿಗುರಾ ಎಂಬ ಸರಕು ವ್ಯಾಪಾರ ಕಂಪನಿಗೆ, ತನ್ನ ಗ್ರಾಹಕರ ಮುಂದೆ ಇಡಬಹುದಾದ ಶುದ್ಧ ಮೂಲದ ದಾಖಲೆ ಬೇಕಿತ್ತು. ಪ್ಯಾಕ್ಟ್ ಎಂಬ ಅಂತರರಾಷ್ಟ್ರೀಯ ಸ್ವಯಂಸೇವಾ ಸಂಸ್ಥೆ ನಡುವೆ ನಿಂತು ಮೇಲ್ವಿಚಾರಣೆ ವಹಿಸಿಕೊಂಡಿತು. ಗಣಿಗಾರರ ಪರವಾಗಿ ಕೊಮಿಯಾಕೋಲ್ ಎಂಬ ಸಹಕಾರ ಸಂಘವಿತ್ತು.

ಗುತ್ತಿಗೆಯ ಒಂದು ಸಣ್ಣ ಭಾಗವನ್ನು ಬಿಡಿಸಿ ಬೇಲಿ ಹಾಕಲಾಯಿತು. ಒಳಹೋಗಲು ಗುರುತಿನ ಚೀಟಿ ಬೇಕಿತ್ತು. 18 ವರ್ಷ ತುಂಬದವರಿಗೂ ಗರ್ಭಿಣಿಯರಿಗೂ ಪ್ರವೇಶವಿರಲಿಲ್ಲ. ಹೆಲ್ಮೆಟ್, ಬೂಟು, ಮೈಕವಚ ಕಡ್ಡಾಯವಾದವು. ಇವೆಲ್ಲ ವರದಿಗಳ ಫೋಟೊಗಳಲ್ಲಿ ಎದ್ದು ಕಾಣುವ ಸಂಗತಿಗಳು. ಆದರೆ ನಿಜವಾಗಿ ಜೀವ ಉಳಿಸುವ ಬದಲಾವಣೆ ಬೇರೆಯದು: ಕೆಮಾಫ್ ತನ್ನ ಯಂತ್ರಗಳಿಂದ ಮೇಲ್ಮಣ್ಣನ್ನು ತೆಗೆದುಕೊಟ್ಟಿತು. ಕೈಗಣಿಗಾರ ಸುರಂಗ ಕೊರೆಯುವುದು ಸಾಹಸಕ್ಕಲ್ಲ. ಅದಿರಿನ ಮೇಲೆ ಕೂತ ಹತ್ತಾರು ಅಡಿ ನಿರರ್ಥಕ ಮಣ್ಣನ್ನು ಕೈಯಿಂದ ಸರಿಸಲು ಆಗದ್ದರಿಂದ ಅವನು ಕಿರಿದಾದ ಬಾವಿ ತೋಡಿ, ತಳದಲ್ಲಿ ಅಡ್ಡಲಾಗಿ ಅದಿರಿನ ಎಳೆಯನ್ನು ಹಿಂಬಾಲಿಸುತ್ತಾನೆ. ಆಧಾರ ಕಂಬಗಳಿಲ್ಲದ ಆ ಅಡ್ಡಸುರಂಗ ಮಳೆಗಾಲದಲ್ಲಿ ಕುಸಿಯುತ್ತದೆ. ಮೇಲ್ಮಣ್ಣನ್ನು ಯಂತ್ರ ಸರಿಸಿಬಿಟ್ಟರೆ ಸುರಂಗದ ಅಗತ್ಯವೇ ಬೀಳುವುದಿಲ್ಲ. ಕಾಂಗೋದ ನಿಯಮ 30 ಮೀಟರ್ ಆಳದವರೆಗೆ ಕೈಗಣಿಗಾರಿಕೆಗೆ ಅವಕಾಶ ಕೊಟ್ಟರೆ, ಮುತೋಶಿಯಲ್ಲಿ ತೆರೆದ ಗುಂಡಿಗೆ 10 ಮೀಟರಿನ ಮಿತಿ ಇತ್ತು. ಒಂದು ದೊಡ್ಡ ಗಣಿ ಕಂಪನಿಯ ಲೆಕ್ಕದಲ್ಲಿ ಕೆಲವು ಯಂತ್ರಗಳ ಕೆಲವು ವಾರಗಳ ದುಡಿಮೆ ದೊಡ್ಡ ಖರ್ಚಲ್ಲ. ಸಾವುಗಳನ್ನು ತಡೆಯುವುದು ಇಷ್ಟು ಸಾಧ್ಯವಿರುವಾಗ ಅವುಗಳನ್ನು ಬಡತನದ ಅನಿವಾರ್ಯ ಫಲವೆಂದು ಒಪ್ಪಿಕೊಳ್ಳಲು ಯಾರಿಗೂ ಹಕ್ಕಿಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ.

ಹೆಂಗಸರ ಪಾಲಿಗೆ ಆದ ಬದಲಾವಣೆಯನ್ನೂ ಇಲ್ಲಿ ಹೇಳಬೇಕು. ಗುಂಡಿಯ ಬಳಿ ಹೆಂಗಸು ಬಂದರೆ ಅದಿರು ಮಾಯವಾಗುತ್ತದೆ ಎಂಬ ನಂಬಿಕೆ ಈ ಸೀಮೆಯಲ್ಲಿ ಬಲವಾಗಿದೆ. ಹಾಗಾಗಿ ಅಗೆಯುವ, ಅಂದರೆ ಹೆಚ್ಚು ಹಣ ಸಿಗುವ ಕೆಲಸ ಗಂಡಸರದು. ಕಲ್ಲು ಆಯುವುದು, ಸೊಂಟದವರೆಗೆ ನೀರಿನಲ್ಲಿ ನಿಂತು ಅದಿರು ತೊಳೆಯುವುದು ಹೆಂಗಸರು ಮತ್ತು ಮಕ್ಕಳದು. ಮುತೋಶಿಯಲ್ಲಿ ತೊಳೆಯುವ ತೊಟ್ಟಿಗಳನ್ನು ಆವರಣದೊಳಗೇ ಕಟ್ಟಲಾಯಿತು, ಮತ್ತು ಹೆಂಗಸರು ಗುಂಡಿಗಿಳಿದು ಅಗೆಯಲು ಅವಕಾಶ ಸಿಕ್ಕಿತು. ತಾಯಿಯ ಗಳಿಕೆ ಮಕ್ಕಳ ಶಾಲೆಯ ಶುಲ್ಕಕ್ಕೆ ಒದಗುವ ಕಡೆ, ಬಾಲಕಾರ್ಮಿಕರನ್ನು ತಡೆಯುವ ಕೆಲಸವನ್ನು ಬೇಲಿಗಿಂತ ಆ ಗಳಿಕೆಯೇ ಚೆನ್ನಾಗಿ ಮಾಡುತ್ತದೆ.

ತೂಕ, ಗುಣಮಟ್ಟ, ದರ

ಆವರಣದೊಳಗೆ ಅಗೆದ ಅದಿರು ಚೀಲಗಳಿಗೆ ತುಂಬಿ, ಗುರುತು ಹಾಕಿಸಿಕೊಂಡು, ಆವರಣದಲ್ಲೇ ಇದ್ದ ಖರೀದಿ ಕೇಂದ್ರಕ್ಕೆ ಬರುತ್ತಿತ್ತು. ಅಲ್ಲಿಂದ ಲುಬುಂಬಾಶಿಯ ಕೆಮಾಫ್ ಸಂಸ್ಕರಣಾ ಘಟಕಕ್ಕೆ ಹೋಗುತ್ತಿತ್ತು. ಮೂಲದ ಪತ್ತೆಯ ದೃಷ್ಟಿಯಿಂದ ಇದು ಅಚ್ಚುಕಟ್ಟಾದ ವ್ಯವಸ್ಥೆ: ಬೇರೆಡೆಯ ಅದಿರು ಒಳಗೆ ಸೇರುವಂತಿಲ್ಲ, ಒಳಗಿನದು ಹೊರಗೆ ಸೋರುವಂತಿಲ್ಲ. ಇದೇ ಅಚ್ಚುಕಟ್ಟುತನ ಗಣಿಗಾರನಿಗೆ ಒಬ್ಬನೇ ಗಿರಾಕಿಯನ್ನು ಉಳಿಸಿತು.

ಕೈಗಣಿಗಾರನಿಗೆ ಸಂಬಳವಿಲ್ಲ, ಚೀಲದ ತೂಕ, ಅದರಲ್ಲಿರುವ ಕೋಬಾಲ್ಟ್‌ನ ಶೇಕಡಾವಾರು ಅಂಶ, ಆ ದಿನದ ದರ, ಈ ಮೂರರ ಮೇಲೆ ಅವನ ಗಳಿಕೆ ನಿಂತಿದೆ. ಅಂಶವನ್ನು ಅಳೆಯಲು ಕೈಯಲ್ಲಿ ಹಿಡಿಯುವ ಎಕ್ಸ್-ರೇ ಉಪಕರಣವನ್ನು ಬಳಸುತ್ತಾರೆ. ಕೋಲ್ವೆಜಿಯ ಮಂಡಿಗಳಲ್ಲಿ ಎಲ್ಲರೂ ಅದನ್ನು ಮೆಟೊರೆಕ್ಸ್ ಎಂದೇ ಕರೆಯುತ್ತಾರೆ. ಉಪಕರಣ ಕೊಳ್ಳುವವನದು, ಅದನ್ನು ಹಿಡಿಯುವ ಕೈ ಅವನದು, ಚೀಲದ ಯಾವ ಕಲ್ಲಿಗೆ ಅದನ್ನು ತೋರಿಸಬೇಕೆಂಬ ಆಯ್ಕೆಯೂ ಅವನದೇ. ಅಂಶವನ್ನು ಒಂದು ಶೇಕಡ ಕಡಿಮೆ ಓದಿದರೂ ಚೀಲದ ಬೆಲೆ ಇಳಿಯುತ್ತದೆ. ಇದು ಹತ್ತಿಯ ತೇವಾಂಶವನ್ನು ವ್ಯಾಪಾರಿಯೇ ಅಳೆದು ದರ ಮುರಿಯುವಾಗ ನಮ್ಮ ರೈತರು ಅನುಭವಿಸುವ ಅಸಹಾಯಕತೆಯಂಥದ್ದೇ. ಮೂಸೊಂಪೊದಂಥ ಬಯಲು ಮಾರುಕಟ್ಟೆಯಲ್ಲೂ ಮೋಸವಿದೆ, ಆದರೆ ಅಲ್ಲಿ ಗಣಿಗಾರ ಚೀಲವನ್ನು ಹೊತ್ತು ಪಕ್ಕದ ಮಳಿಗೆಗೆ ಹೋಗಬಲ್ಲ. ಮುತೋಶಿಯಲ್ಲಿ ಆ ದಾರಿಯಿರಲಿಲ್ಲ. ಹೊರಗಿನ ದರಕ್ಕಿಂತ ಇಲ್ಲಿ ಕಡಿಮೆ ಸಿಗುತ್ತದೆ, ಅಳತೆಯ ಮೇಲೆ ನಂಬಿಕೆಯಿಲ್ಲ ಎಂಬ ದೂರುಗಳು ಗಣಿಗಾರರಿಂದ ಕೇಳಿಬಂದವು.

ಕಂಪನಿಯ ಕಡೆಯ ಉತ್ತರವನ್ನೂ ನ್ಯಾಯವಾಗಿ ದಾಖಲಿಸಬೇಕು. ಮೇಲ್ಮಣ್ಣು ತೆಗೆಯುವುದು, ಸುರಕ್ಷತಾ ಸಾಮಗ್ರಿ, ಕಾವಲು, ಮೇಲ್ವಿಚಾರಣೆ, ಸಾಗಣೆ ಎಲ್ಲಕ್ಕೂ ಖರ್ಚಿದೆ, ಮತ್ತು ಹೊರಗಿನ ದಲ್ಲಾಳಿಗೆ ಇವು ಯಾವುವೂ ಇಲ್ಲ. ಈ ವಾದದಲ್ಲಿ ಸತ್ಯಾಂಶವಿದೆ. ಆದರೆ ಅದು ನಿಜವಾದರೆ ಸುರಕ್ಷತೆಯ ಖರ್ಚು ಅಗೆಯುವವನ ಚೀಲದಿಂದಲೇ ಕಳೆಯಲ್ಪಟ್ಟಿತು ಎಂದೂ ಅರ್ಥವಾಗುತ್ತದೆ. ಶುದ್ಧ ಮೂಲದ ಕೋಬಾಲ್ಟ್ ಎಂದು ಹೇಳಿಕೊಳ್ಳುವ ಲಾಭ ಪೂರೈಕೆ ಸರಪಳಿಯ ಮೇಲ್ತುದಿಯ ಕಂಪನಿಗಳಿಗೆ ದಕ್ಕಿ, ಅದರ ಬೆಲೆಯನ್ನು ಕೆಳತುದಿಯ ಗಣಿಗಾರ ಭರಿಸುವುದಾದರೆ, ಆ ಹೊಣೆಗಾರಿಕೆಯಲ್ಲಿ ನ್ಯಾಯವಿದೆ ಎನ್ನಲು ನನಗೆ ಸಾಧ್ಯವಿಲ್ಲ. ಸಹಕಾರ ಸಂಘವಾದರೂ ಇಲ್ಲಿ ಮಾತನಾಡಬೇಕಿತ್ತು. ಆದರೆ ಕಾಂಗೋದ ಗಣಿ ಸಹಕಾರ ಸಂಘಗಳಲ್ಲಿ ಬಹುಪಾಲು ಸದಸ್ಯರು ಕಟ್ಟಿಕೊಂಡವುಗಳಲ್ಲ, ಪ್ರಭಾವಿಗಳು ನಡೆಸುವಂಥವು. ಅಗೆಯುವವರ ಪರವಾಗಿ ದರ ಮಾತಾಡುವ ಬಲ ಅವಕ್ಕೆ ಬಂದೇ ಇಲ್ಲ.

ನಿಂತದ್ದು ಏಕೆ

2018ರ ವಸಂತದಲ್ಲಿ ಕೋಬಾಲ್ಟ್‌ನ ಅಂತರರಾಷ್ಟ್ರೀಯ ದರ ಟನ್ನಿಗೆ 90,000 ಡಾಲರು ದಾಟಿತ್ತು. ಮರುವರ್ಷದ ಮಧ್ಯದ ಹೊತ್ತಿಗೆ ಅದು 30,000 ಡಾಲರಿಗಿಂತ ಕೆಳಗೆ ಬಿತ್ತು. ಬೆಲೆ ಇಳಿದ ಕಾಲದಲ್ಲಿ ಕೈಯಿಂದ ಅಗೆದ ಅದಿರಿನ ಅಗತ್ಯ ಯಾವ ಕಂಪನಿಗೂ ಅಷ್ಟಾಗಿ ಇರುವುದಿಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಮುತೋಶಿಯ ಕೆಲಸ ನಿಂತಿತು, ಆಮೇಲೆ ಹಿಂದಿನ ರೂಪದಲ್ಲಿ ಮತ್ತೆ ಆರಂಭವಾಗಲಿಲ್ಲ. 2022ರ ಜನವರಿಯಲ್ಲಿ ಟ್ರಾಫಿಗುರಾ, ಮುತೋಶಿಯನ್ನು ಯಂತ್ರಗಳ ಗಣಿಯಾಗಿ ಬೆಳೆಸುವುದೂ ಸೇರಿದಂತೆ ಕೆಮಾಫ್‌ನ ಯೋಜನೆಗಳಿಗೆ 60 ಕೋಟಿ ಡಾಲರಿನ ಸಾಲದ ವ್ಯವಸ್ಥೆ ಮಾಡಿತು.

ಕೋವಿಡ್ ನಿಜವಾದ ಕಾರಣವೇ. ಸಾವಿರಾರು ಮಂದಿ ಒಟ್ಟಿಗೆ ಸೇರುವ ಜಾಗವನ್ನು ಆಗ ಮುಚ್ಚಿದ್ದು ತಪ್ಪಲ್ಲ. ಆದರೆ ಮತ್ತೆ ತೆರೆಯಬೇಕೆಂಬ ಬದ್ಧತೆ ಯಾವ ಒಪ್ಪಂದದಲ್ಲೂ ಇರಲಿಲ್ಲ. ನೆಲದ ಹಕ್ಕು ಕೆಮಾಫ್‌ನದು, ಕೈಗಣಿಗಾರರಿಗೆ ಅಲ್ಲಿ ಇದ್ದದ್ದು ಅನುಮತಿಯಷ್ಟೇ. ಕೊಳ್ಳುವ ಪ್ರಮಾಣಕ್ಕಾಗಲಿ ಕನಿಷ್ಠ ದರಕ್ಕಾಗಲಿ ಖಾತರಿಯಿರಲಿಲ್ಲ. ಸರಪಳಿಯ ಮೇಲ್ತುದಿಯ ಬ್ಯಾಟರಿ ಮತ್ತು ಕಾರು ಕಂಪನಿಗಳು ಪ್ರಯೋಗವನ್ನು ಮೆಚ್ಚಿದವು, ಆದರೆ ಅದರ ಕೋಬಾಲ್ಟನ್ನು ಇಂತಿಷ್ಟು ವರ್ಷ ಕೊಳ್ಳುತ್ತೇವೆಂದು ಮುಂದೆ ಬರಲಿಲ್ಲ. ಮಾರ್ಚ್‌ನ ನಂತರ ಆ 5,000 ಮಂದಿ ಮತ್ತೆ ಬೇಲಿಯಿಲ್ಲದ ಗುಂಡಿಗಳ ಕಡೆಗೇ ನೋಡಬೇಕಾಯಿತು, ಏಕೆಂದರೆ ಅವರಿಗೆ ಬೇರೆ ಕಸುಬು ಹುಟ್ಟಿರಲಿಲ್ಲ.

ದೂರ ಸರಿಯುವ ದಾರಿ

ಇಷ್ಟೆಲ್ಲ ತೊಡಕಿನ ನಡುವೆ ಕಾಂಗೋದ ಕೈಗಣಿಯನ್ನು ಬಿಟ್ಟು ಬೇರೆಡೆ ಕೊಂಡರಾಯಿತಲ್ಲ ಎಂದು ಕೇಳುವವರಿದ್ದಾರೆ. ಬಿಎಂಡಬ್ಲ್ಯು ಹಾಗೆಯೇ ಮಾಡಿತು. 2020ರಲ್ಲಿ ಮೊರೊಕ್ಕೊದ ಮನಾಜೆಮ್ ಕಂಪನಿಯೊಡನೆ ಐದು ವರ್ಷಕ್ಕೆ ಸುಮಾರು 10 ಕೋಟಿ ಯೂರೋಗಳ ಒಪ್ಪಂದ ಮಾಡಿಕೊಂಡಿತು. 2023ರ ನವೆಂಬರ್‌ನಲ್ಲಿ ಅದೇ ಕಂಪನಿಯ ಬೂ ಅಝ್ಝೆರ್ ಗಣಿಯ ಸುತ್ತಲ ನೀರಿನಲ್ಲಿ ಆರ್ಸೆನಿಕ್ ಇದೆಯೆಂದೂ ಕಾರ್ಮಿಕರ ರಕ್ಷಣೆಯಲ್ಲಿ ಲೋಪಗಳಿವೆಯೆಂದೂ ಯೂರೋಪಿನ ಪತ್ರಕರ್ತರು ವರದಿ ಮಾಡಿದರು. ಕಂಪನಿ ಅದನ್ನು ಅಲ್ಲಗಳೆಯಿತು. ಮೂಲ ಬದಲಿಸಿದ ಮಾತ್ರಕ್ಕೆ ಪರಿಶೀಲನೆಯ ಹೊಣೆ ತಪ್ಪುವುದಿಲ್ಲ. ಇನ್ನೊಂದು ಕಡೆ, ಕೋಬಾಲ್ಟ್ ಬೇಡದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳು ಜಗತ್ತಿನ ವಿದ್ಯುತ್ ಕಾರುಗಳ ಮಾರುಕಟ್ಟೆಯಲ್ಲಿ ಈಗ ಅರ್ಧದಷ್ಟು ಪಾಲು ಪಡೆದಿವೆ. ತಂತ್ರಜ್ಞಾನವಾಗಿ ಅದು ಸ್ವಾಗತಾರ್ಹ. ಆದರೆ ಇಂಧನ ಪರಿವರ್ತನೆ ನ್ಯಾಯಯುತವಾಗಿರಬೇಕೆನ್ನುವವರು, ಒಂದು ಸೀಮೆಯ ಜನರನ್ನು ಎರಡು ದಶಕ ದುಡಿಸಿಕೊಂಡು ಆಮೇಲೆ ರಸಾಯನಸೂತ್ರ ಬದಲಾಯಿತೆಂದು ಕೈಬಿಡುವುದನ್ನು ಪರಿಹಾರವೆಂದು ಎಣಿಸಲಾರರು.

ನ್ಯಾಯಾಲಯದ ದಾರಿಯೂ ಮುಚ್ಚಿದಂತಿದೆ. ಗಣಿಯಲ್ಲಿ ಸತ್ತ, ಅಂಗವಿಕಲರಾದ ಮಕ್ಕಳ ಕುಟುಂಬಗಳ ಪರವಾಗಿ 2019ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಆಪಲ್, ಆಲ್ಫಾಬೆಟ್, ಡೆಲ್, ಮೈಕ್ರೋಸಾಫ್ಟ್, ಟೆಸ್ಲಾಗಳ ಮೇಲೆ ಮೊಕದ್ದಮೆ ಹೂಡಲಾಗಿತ್ತು. ಪೂರೈಕೆ ಸರಪಳಿಯ ಮೂಲಕ ಕೋಬಾಲ್ಟ್ ಕೊಂಡದ್ದು ಬಲವಂತದ ದುಡಿಮೆಯ ಉದ್ಯಮದಲ್ಲಿ ಪಾಲುಗೊಂಡಂತಾಗುವುದಿಲ್ಲ ಎಂದು ಮೇಲ್ಮನವಿ ನ್ಯಾಯಾಲಯ 2024ರ ಮಾರ್ಚ್‌ನಲ್ಲಿ ತೀರ್ಪಿತ್ತಿತು. ಯೂರೋಪ್ ಒಕ್ಕೂಟದ 2023ರ ಬ್ಯಾಟರಿ ನಿಯಮ ಕೋಬಾಲ್ಟ್, ಲಿಥಿಯಂ, ನಿಕಲ್, ನೈಸರ್ಗಿಕ ಗ್ರಾಫೈಟುಗಳ ಮೂಲ ಪರಿಶೀಲನೆಯನ್ನು ಕಡ್ಡಾಯ ಮಾಡಿದೆ, ಆದರೆ 2025ರ ಆಗಸ್ಟ್‌ನಿಂದ ಜಾರಿಯಾಗಬೇಕಿದ್ದ ಆ ಭಾಗವನ್ನು 2027ರ ಆಗಸ್ಟ್‌ಗೆ ಮುಂದೂಡಲಾಗಿದೆ.

ಕಾಂಗೋ ಸರ್ಕಾರದ ನಡೆ

ಕಾಂಗೋ ಸರ್ಕಾರ 2019ರ ಕೊನೆಯಲ್ಲಿ, ಕೈಯಿಂದ ಅಗೆದ ಕೋಬಾಲ್ಟನ್ನು ಕೊಳ್ಳುವ ಏಕಸ್ವಾಮ್ಯದ ಹಕ್ಕನ್ನು ಜೆಕಾಮಿನ್‌ನ ಅಂಗಸಂಸ್ಥೆಯಾದ ಇಜಿಸಿಗೆ ಕೊಟ್ಟಿತು. 2021ರಲ್ಲಿ ಅದು ತನ್ನ ಸುರಕ್ಷತಾ ಮಾನದಂಡಗಳನ್ನು ಪ್ರಕಟಿಸಿದರೂ ಖರೀದಿ ವರ್ಷಗಟ್ಟಲೆ ಚಾಲ್ತಿಗೆ ಬರಲಿಲ್ಲ. 2025ರ ಫೆಬ್ರುವರಿಯಲ್ಲಿ, ಬೆಲೆ ನೆಲಕಚ್ಚಿದ್ದರಿಂದ, ಸರ್ಕಾರ ಕೋಬಾಲ್ಟ್ ರಫ್ತನ್ನೇ ನಿಲ್ಲಿಸಿ ಅಕ್ಟೋಬರ್‌ನಿಂದ ವಾರ್ಷಿಕ ಮಿತಿಯ ಪದ್ಧತಿಗೆ ಬಂದಿತು. 2026ಕ್ಕೆ 96,600 ಟನ್ ಮಿತಿಯಿದೆ. ಬೆಲೆಯೇನೋ ಏರಿತು. 2025ರ ನವೆಂಬರ್‌ನಲ್ಲಿ ಲುವಾಲಾಬಾದ ಕಲಾಂಡೊ ಗಣಿಯಲ್ಲಿ, ನೂಕುನುಗ್ಗಲಿನಲ್ಲಿ ಸೇತುವೆ ಮುರಿದು ಕನಿಷ್ಠ 32 ಕೈಗಣಿಗಾರರು ಸತ್ತರು. ದರ ಏರಿಸುವ ಅಧಿಕಾರ ಸರ್ಕಾರಕ್ಕಿದೆಯೆಂಬುದು ಸಾಬೀತಾಗಿದೆ. ಆ ಏರಿಕೆಯ ಒಂದು ಪಾಲು ಮೇಲ್ಮಣ್ಣು ತೆಗೆಯುವ ಯಂತ್ರಕ್ಕೆ, ತಟಸ್ಥ ಅಳತೆ ಕೇಂದ್ರಕ್ಕೆ ಹೋಗುವ ಏರ್ಪಾಡು ಮಾತ್ರ ಇನ್ನೂ ಆಗಬೇಕಿದೆ.

ನಮ್ಮ ಕಡೆಯಿಂದ

ಬಳ್ಳಾರಿಯ ಕಬ್ಬಿಣದ ಅದಿರಿನ ಪ್ರಕರಣ ಇಲ್ಲಿ ನೆನಪಾಗುವುದು ಸಹಜ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನು ತಡೆದು, ಅದಿರನ್ನು ಇ-ಹರಾಜಿನ ಮೂಲಕವೇ ಮಾರಬೇಕೆಂದು ವಿಧಿಸಿ, 2013ರ ಏಪ್ರಿಲ್‌ನ ತೀರ್ಪಿನಲ್ಲಿ ಅತಿ ಗಂಭೀರ ಉಲ್ಲಂಘನೆಯ ಗುತ್ತಿಗೆಗಳನ್ನು ರದ್ದು ಮಾಡಿತು. ಅದಿರು ಬೇರೆ, ಕೆಲಸದ ರೀತಿ ಬೇರೆ. ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಆದರೆ ಅಲ್ಲಿ ಮಾರಾಟದ ದರ ಬಯಲಿನಲ್ಲಿ ತೀರ್ಮಾನವಾದದ್ದು ಮತ್ತು ನಿಯಮ ಎಲ್ಲ ಗುತ್ತಿಗೆದಾರರನ್ನೂ ಒಂದೇ ರೀತಿ ಕಟ್ಟಿದ್ದು ಕಂಪನಿಗಳ ಸದಿಚ್ಛೆಯಿಂದಲ್ಲ. ಗಣಿ ನಿಂತಾಗ ಕೂಲಿ ಕಳೆದುಕೊಂಡ ಸಂಡೂರು, ಹೊಸಪೇಟೆ ಸೀಮೆಯ ಜನರ ಗೋಳು ಆ ಆದೇಶಗಳಲ್ಲಿ ಸಾಕಷ್ಟು ಕಾಣಲಿಲ್ಲ ಎಂಬುದನ್ನೂ ಅದರ ಜೊತೆಗೇ ನೆನೆಯಬೇಕು.

ಭಾರತ 2023ರಲ್ಲಿ ಗುರುತಿಸಿದ 30 ನಿರ್ಣಾಯಕ ಖನಿಜಗಳಲ್ಲಿ ಕೋಬಾಲ್ಟ್ ಒಂದು. 2024 ಮತ್ತು 2025ರ ಬಜೆಟ್ಟುಗಳು ಇಂಥ ಖನಿಜಗಳ ಆಮದು ಸುಂಕವನ್ನು ಇಳಿಸಿವೆ. 2025ರ ಜನವರಿಯಲ್ಲಿ ರಾಷ್ಟ್ರೀಯ ನಿರ್ಣಾಯಕ ಖನಿಜ ಅಭಿಯಾನಕ್ಕೆ ಒಪ್ಪಿಗೆ ಸಿಕ್ಕಿದೆ. ಇವುಗಳ ಗಮನವೆಲ್ಲ ಪೂರೈಕೆ ಭದ್ರತೆಯ ಮೇಲಿದೆ. ದೇಶದಲ್ಲಿ ಬ್ಯಾಟರಿ ಕೋಶಗಳ ಕಾರ್ಖಾನೆಗಳು ಏಳುತ್ತಿರುವ ಈ ಹೊತ್ತಿನಲ್ಲಿ, ಅವು ಬರೆದುಕೊಳ್ಳುವ ಖರೀದಿ ಒಪ್ಪಂದಗಳಿಗೆ ಮುತೋಶಿಯಿಂದ ನೇರವಾಗಿ ಎತ್ತಿಕೊಳ್ಳಬಹುದಾದ ಷರತ್ತುಗಳಿವೆ. ಕೈಗಣಿಗಾರರಿಗೆ ಬಿಟ್ಟುಕೊಟ್ಟ ನೆಲದ ಅವಧಿ ಖರೀದಿ ಒಪ್ಪಂದದ ಅವಧಿಗಿಂತ ಕಡಿಮೆಯಿರಬಾರದು. ಅದಿರಿನ ಅಂಶವನ್ನು ಕೊಳ್ಳುವವನಲ್ಲದ ಮೂರನೆಯವರು ಅಳೆಯಬೇಕು, ಆ ಅಳತೆಯ ಚೀಟಿ ಗಣಿಗಾರನ ಕೈಗೆ ಸಿಗಬೇಕು. ಸುರಕ್ಷತೆಯ ಖರ್ಚು ಚೀಲದ ದರದಿಂದ ಕಳೆಯದೆ ಖರೀದಿದಾರರ ಪ್ರತ್ಯೇಕ ಪಾವತಿಯಾಗಬೇಕು. ಬೆಲೆ ಬಿದ್ದರೂ ಇಂತಿಷ್ಟು ಪ್ರಮಾಣವನ್ನು ಇಂತಿಷ್ಟು ದರಕ್ಕಿಂತ ಕಡಿಮೆಯಿಲ್ಲದೆ ಕೊಳ್ಳುವ ಕರಾರಿರಬೇಕು. ಕೆಲಸ ನಿಲ್ಲಿಸಲೇಬೇಕಾದರೆ ಎಷ್ಟು ತಿಂಗಳ ಮುನ್ಸೂಚನೆ, ನಿಂತ ಅವಧಿಯಲ್ಲಿ ನೋಂದಾಯಿತ ಗಣಿಗಾರರಿಗೆ ಎಷ್ಟು ಪರಿಹಾರ, ಮತ್ತೆ ತೆರೆಯುವುದು ಯಾವಾಗ ಎಂಬುದು ಸಹಿ ಹಾಕುವ ದಿನವೇ ಬರಹದಲ್ಲಿರಬೇಕು. ಮುತೋಶಿಯ ಒಪ್ಪಂದದಲ್ಲಿ ಇರದಿದ್ದುದು ಇದೇ.